ನನ್ನ ಅನುಭವ: ಅಂಜುವ ಮಕ್ಕಳಿಗೆ ಪ್ರಶ್ನೆ ಹಿಂದಿನ ದಿನವೇ ಸಿಗಲಿ

ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತೇನೆ. ಎದ್ದು ನಿಂತೊಡನೆ ಕೈ ನಡುಗುವ, ಕಿರುಪರೀಕ್ಷೆಯ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುವ ಮಕ್ಕಳಿಗೆ ಪ್ರಶ್ನೆಯನ್ನು ಹಿಂದಿನ ದಿನವೇ ಚೀಟಿಯಲ್ಲಿ ಕೊಡತೊಡಗಿದಾಗ, "ಅಂಜಿಕೆ ಇದ್ದರೇನೇ ಪುಸ್ತಕ ಹಿಡಿಯುತ್ತಾರೆ ಸರ್, ಹೀಗಾದರೆ ಯಾರು ಓದುತ್ತಾರೆ?" ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದರು. ಈಗ ಅವರೇ ಆ ಚೀಟಿಗಳ ನಮೂನೆ ಕೇಳಿ ಪಡೆಯುತ್ತಿದ್ದಾರೆ.

ಫಲಿಸದ್ದನ್ನು ಮೊದಲು ಹೇಳಬೇಕು. ಪ್ರಾರ್ಥನೆಯ ವೇಳೆ ಎಲ್ಲರಿಗೂ ಮಾಡಿಸಿದ ದೀರ್ಘ ಉಸಿರಾಟವು ಕೆಲವೇ ದಿನಗಳಲ್ಲಿ ಕವಾಯತಿನಂತಾಯಿತು. ಶಿಕ್ಷಕರೇ ಕೈಯಿಂದ ಮೂರು ಸಾವಿರದಷ್ಟು ಸೇರಿಸಿ ಹೊರಗಿನಿಂದ ಕರೆಸಿದ ಆಪ್ತ ಸಮಾಲೋಚಕರು ಭಾಷಣ ಮಾಡಿ ಹೋದರೇ ಹೊರತು, ಮಾತನಾಡಬೇಕಿದ್ದ ಮಕ್ಕಳು ಬಾಯಿ ಬಿಡಲಿಲ್ಲ. ಅತಿ ಹೆಚ್ಚು ಹಾನಿ ಮಾಡಿದ್ದು ವಿನಾಯಿತಿ: ಪ್ರಶ್ನೆ ಕೇಳದೆ ಬಿಟ್ಟ ಮಗುವಿಗೆ ಆ ದಿನ ನೆಮ್ಮದಿ ಸಿಗುತ್ತಿತ್ತು, ಮುಂದಿನ ವಾರ ಹೆದರಿಕೆ ಇಮ್ಮಡಿಯಾಗುತ್ತಿತ್ತು.

ಆದ್ದರಿಂದ ಬಿಡುವುದನ್ನು ನಿಲ್ಲಿಸಿ, ಚಿಕ್ಕದಾಗಿ ಕೇಳುವುದನ್ನು ಹಿಡಿದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮೊದಲು ಪಕ್ಕದವಳಿಗಷ್ಟೇ ಕೇಳುವಂತೆ ಉತ್ತರ ಓದಿದಳು. ಆಮೇಲೆ ಕುಳಿತಲ್ಲಿಂದಲೇ ನನಗೆ ಹೇಳಿದಳು. ಅನಂತರ ಭೂಪಟದ ಮುಂದೆ ನಿಂತು, ತರಗತಿಗೆ ಬೆನ್ನು ಮಾಡಿಯೇ, ತುಂಗಭದ್ರೆಯು ಕೃಷ್ಣೆಯನ್ನು ಕೂಡುವ ಜಾಗಕ್ಕೆ ಬೆರಳಿಟ್ಟು ಒಂದು ವಾಕ್ಯ ನುಡಿದಳು. ಆ ಬೆರಳು ಪಟದ ಮೇಲೆ ನಡುಗುತ್ತಿತ್ತು, ಆದರೆ ವಾಕ್ಯ ಪೂರ್ತಿಯಾಯಿತು. ಭೂಪಟದ ಈ ಹಂತ ನಾನೇ ಕಂಡುಕೊಂಡದ್ದು ಎಂಬ ಹೆಮ್ಮೆ ನನಗಿದೆ. ಮಗು ಮುಂದಿನ ಹಂತಕ್ಕೆ ಸಿದ್ಧವಾಗಿದೆಯೆಂದು ತಿಳಿಯಲು ಒಂದು ಗುರುತನ್ನು ನೋಡುತ್ತೇನೆ; ಅದನ್ನು ತರಗತಿಯಲ್ಲಿ ಜೊತೆಗೆ ಕುಳಿತವರಿಗೆ ತೋರಿಸುತ್ತೇನೆ, ಬರೆದು ಕೊಡುವುದಿಲ್ಲ.

ಇದರ ನಡುವೆ ಇನ್ನೊಂದು ವಿಷಯ ಗಮನಕ್ಕೆ ಬಂತು. ನಾಟಿಯ ದಿನಗಳಲ್ಲಿ ಬೆಳಗ್ಗೆ ಗದ್ದೆಗೆ ಹೋಗಿ ಏನೂ ತಿನ್ನದೆ ಬರುವ ಮಕ್ಕಳಿಗೂ ಎದೆ ಬಡಿತ, ತಲೆಸುತ್ತು ಇರುತ್ತದೆ. ಅಂಥವರನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದೆವು. ಮೂರ್ನಾಲ್ಕು ಹುಡುಗಿಯರಲ್ಲಿ ರಕ್ತಹೀನತೆ ಕಂಡುಬಂದು ಕಬ್ಬಿಣಾಂಶದ ಮಾತ್ರೆ ಆರಂಭಿಸಿದರು.

ಎಸ್ಸೆಸ್ಸೆಲ್ಸಿಯವರಿಗಾಗಿ ಪ್ರಶ್ನೆಪತ್ರಿಕೆ ಓದುವ 15 ನಿಮಿಷಗಳನ್ನಷ್ಟೇ ಬೇರೆಯಾಗಿ ಅಭ್ಯಾಸ ಮಾಡಿಸಿದೆ. ಪೆನ್ನು ಮುಟ್ಟದೆ, ಮೊದಲು ಬರೆಯುವ ಮೂರು ಪ್ರಶ್ನೆಗಳನ್ನು ಆರಿಸಿಕೊಳ್ಳುವುದಷ್ಟೇ ಅವರ ಕೆಲಸ. ಜೆರಾಕ್ಸ್‌ಗೂ ಒಂದು ಗೋಡೆ ಗಡಿಯಾರಕ್ಕೂ ಸೇರಿ ವರ್ಷಕ್ಕೆ ಸುಮಾರು ಎರಡು ಸಾವಿರ ಖರ್ಚಾಯಿತು. ಹನ್ನೆರಡರಷ್ಟು ಮಕ್ಕಳಲ್ಲಿ ಎಂಟೊಂಬತ್ತು ಮಂದಿ ಗೈರಾಗದೆ ಎಲ್ಲ ಪರೀಕ್ಷೆ ಬರೆದರು.

ಉಳಿದವರಲ್ಲಿ ಇಬ್ಬರಿಗೆ ರಾತ್ರಿ ನಿದ್ರೆಯೇ ಇರಲಿಲ್ಲವಾದ್ದರಿಂದ ವೈದ್ಯರ ಬಳಿ ಕಳುಹಿಸಬೇಕಾಯಿತು. "ಹುಚ್ಚಾಸ್ಪತ್ರೆಗೆ ಯಾಕ್ರಿ ಸರ?" ಎಂದು ಹಿಂಜರಿದ ತಂದೆಗೆ, ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಯುತ್ತಿದೆಯೆಂದು ವಿವರಿಸಿದೆ. ಅವರೆದುರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿಸಿದ ಮೇಲೆ ಅವರು ಮಗನನ್ನು ಆಸ್ಪತ್ರೆಗೆ ಕರೆದೊಯ್ಯಲು ಒಪ್ಪಿದರು.