ನಾಲೆಯಿಂದ ಮೇಲೆ ಹೊಲ, ಕೆಳಗೆ ಗದ್ದೆ: ನನ್ನ ಓಟದ ದಾರಿಗಳು

ನನ್ನ ಭಾವಮೈದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಆ ಊರಿನ ಒಳಗೇ, ಗುಡ್ಡಗಳ ಮೈಮೇಲೆ ದ್ರಾಕ್ಷಿ ತೋಟಗಳಿವೆ. ಭಾನುವಾರ ಬೆಳಿಗ್ಗೆ ಅಲ್ಲಿ ಓಡಿ ಬಳ್ಳಿ ಸಾಲುಗಳ ಫೋಟೊ ಕಳಿಸುತ್ತಾನೆ. ಕೆಳಗೆ ಒಂದೇ ಸಾಲು: 'ಭಾವ, ಇವತ್ತು 340 ಮೀಟರ್ ಏರು.' ಪಾಂಡವಪುರದಲ್ಲಿ ಕೂತ ನನಗೆ ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮದು ಗದ್ದೆ ಬಯಲು, ಇಲ್ಲೆಲ್ಲಿಯ ಏರು ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು. ನಡುವೆ ಒಂದು ಮಂಡಿಯೂ ಕೈಕೊಟ್ಟಿತ್ತು.

ಏರು ಬೇಕೆಂದರೆ ಚಾಮುಂಡಿ ಬೆಟ್ಟವೇ ಗತಿ ಅಂತ ಶುರು ಮಾಡಿದೆ. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 1,000 ಮೀಟರ್ ದಾಟುತ್ತದೆ. ಸಾವಿರ ಮೆಟ್ಟಿಲು. ಹತ್ತುವುದೇನೋ ಹತ್ತಿದೆ, ನಂದಿಯ ಹತ್ತಿರ ಒಂದು ಗುಟುಕು ನೀರು ಕುಡಿದೆ, ಮೇಲೆ ಹೋಗಿ ಕೈ ಮುಗಿದೆ. ತಪ್ಪು ಮಾಡಿದ್ದು ಇಳಿಯುವಾಗ. ಹುರುಪಿನಲ್ಲಿ ಮೆಟ್ಟಿಲುಗಳ ಮೇಲೆ ಓಡಿಕೊಂಡೇ ಇಳಿದೆ. ಅವತ್ತು ಏನೂ ಆಗಲಿಲ್ಲ. ಮೂರನೆಯ ದಿನ ಬಸ್ಸಿನಿಂದ ಇಳಿಯಲಾಗದೆ ಕಂಡಕ್ಟರ್ ಕೈ ಹಿಡಿದು ಇಳಿಸಿದ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರ ತಡೆಹಿಡಿಯುತ್ತಾ ಹಿಗ್ಗಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಆಗ ಸಣ್ಣಸಣ್ಣ ಪೆಟ್ಟು ಬೀಳುತ್ತದೆ, ನೋವು ಒಂದೆರಡು ದಿನ ಬಿಟ್ಟು ಏಳುತ್ತದೆ. ಸ್ವಲ್ಪ ಸ್ವಲ್ಪ ಇಳಿಸಿ ರೂಢಿ ಮಾಡಿದರೆ ಅದೇ ಸ್ನಾಯು ಮುಂದಿನ ಸಲ ತಾನೇ ತಡೆದುಕೊಳ್ಳುತ್ತದೆ. ಅದಾದ ಮೇಲೆ ಮೂರು ವಾರ ಬರೀ ಇಳಿಜಾರಿಗಾಗಿಯೇ ಹೋದೆ. ಹತ್ತುವುದು ನಡಿಗೆಯಲ್ಲಿ, ಇಳಿಯುವುದು ಸಣ್ಣ ಹೆಜ್ಜೆಯ ಓಟದಲ್ಲಿ, ಅದೂ ಇನ್ನೂರು ಮುನ್ನೂರು ಮೀಟರ್ ಮಾತ್ರ. ಮಂಡಿ ಸ್ವಲ್ಪ ಮಡಚಿರಬೇಕು. ಭಯಕ್ಕೆ ಹಿಂದಕ್ಕೆ ವಾಲಿದರೆ ಹಿಮ್ಮಡಿ ಕುಕ್ಕುತ್ತದೆ, ಆ ಪೆಟ್ಟು ನೇರ ಮಂಡಿಗೆ.

ಇನ್ನು ದಾರಿಯ ವಿಷಯ. ನಮ್ಮ ಬೀದಿಯಲ್ಲಿ ನಾಲೆ ನೀರು ಹಂಚುವ ನೀರುಗಂಟಿ ಕೆಲಸ ಮಾಡಿ ಸುಸ್ತಾದ ಒಬ್ಬ ಹಿರಿಯರಿದ್ದಾರೆ. ವಿಶ್ವೇಶ್ವರಯ್ಯ ನಾಲೆಯನ್ನು ಈಗಲೂ ಇರ್ವಿನ್ ನಾಲೆ ಅಂತಲೇ ಕರೆಯುತ್ತಾರೆ. ನಾಲೆಯ ಏರಿ, ಅಂದರೆ ದಂಡೆಯ ಮೇಲೆ ಓಡಿ ಬಂದು ಬೆವರೊರೆಸಿಕೊಳ್ಳುತ್ತಿದ್ದಾಗ, ಎಲ್ಲೂ ಏರೇ ಇಲ್ಲವಲ್ಲ ಅಂತ ಗೊಣಗಿದೆ. ಅವರು ನಕ್ಕು, 'ನೀರು ಏರು ಹತ್ತಲ್ಲ ಸ್ವಾಮಿ, ಗುಡ್ಡಾನ ಬಳಸ್ಕೊಂಡು ಹೋಯ್ತದೆ. ಏರು ಬೇಕಂದ್ರೆ ನಾಲೆ ಬುಟ್ಟು ಮ್ಯಾಲಕ್ಕೆ ಹೋಗಿ' ಅಂದರು.

ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು ಆಗ ಕಂಡಿತು. ನಾಲೆ ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಒಂದೇ ಮಟ್ಟ ಹಿಡಿದು ಸುತ್ತಿಕೊಂಡು ಹೋಗುತ್ತದೆ. ಸುತ್ತಲು ಜಾಗವಿಲ್ಲದ ಕಡೆ ಗುಡ್ಡವನ್ನೇ ಕೊರೆದು ಸಾಗಿಸಿದ್ದಾರೆ, ಹುಲಿಕೆರೆ ಸುರಂಗ ಹಾಗೆ ಆದದ್ದು. ನಾಲೆಯಿಂದ ಕೆಳಗೆ ನೀರು ಹಾಯುತ್ತದೆ, ಅಲ್ಲಿ ಭತ್ತ, ಕಬ್ಬು. ಮೇಲೆ ನೀರು ಹತ್ತುವುದಿಲ್ಲ, ಅಲ್ಲಿ ರಾಗಿ, ಹುರುಳಿ. ಅಂದರೆ ಬೆಳೆ ನೋಡಿಯೇ ಎತ್ತರ ಹೇಳಬಹುದು. ಗದ್ದೆ ಮುಗಿದು ಹೊಲ ಸಿಕ್ಕಿತೋ, ಏರು ಶುರು. ಬೋರ್‌ವೆಲ್ ಇರುವ ಕಡೆ ಈ ಲೆಕ್ಕ ತಪ್ಪುತ್ತದೆ, ಮೇಲಿನ ಹೊಲದಲ್ಲೂ ಕಬ್ಬು ನಿಂತಿರುತ್ತದೆ. ಆದರೂ ನನ್ನ ಫೋನು ತೋರಿಸುವ ಎತ್ತರಕ್ಕಿಂತ ಇದೇ ವಾಸಿ. ಒಂದೇ ದಾರಿಗೆ ಒಂದು ದಿನ 180 ಮೀಟರ್ ಏರು ಅನ್ನುತ್ತದೆ ಅದು, ಇನ್ನೊಂದು ದಿನ 240.

ಅಲ್ಲಿಂದ ಮುಂದೆ ನನ್ನ ದಾರಿಗಳೆಲ್ಲ ಒಂದೇ ಮಾದರಿ. ಮೈ ಬಿಸಿಯಾಗುವವರೆಗೆ ಮೂರು ಕಿಲೋಮೀಟರ್ ನಾಲೆಯ ಏರಿ ಮೇಲೆ, ಆಮೇಲೆ ಹೊಲದ ಕಡೆಗೆ ತಿರುಗಿ ಗುಡ್ಡದ ಬುಡದವರೆಗೆ, ವಾಪಸ್ ಬೇರೆ ಬಂಡಿದಾರಿಯಲ್ಲಿ ಇಳಿದು ಮತ್ತೆ ನಾಲೆ. ಏರು ಮೊದಲರ್ಧದಲ್ಲೇ ಮುಗಿಯಬೇಕು. ಕುಂತಿಬೆಟ್ಟದ ಬುಡ ನನಗೆ ಇಷ್ಟ, ಆದರೆ ಬಂಡೆಗಳ ಮೇಲೆ ಓಡುವ ಪ್ರಯತ್ನ ಮಾಡಿಲ್ಲ, ಅದು ಹತ್ತುವ ಬೆಟ್ಟ. ತೊಣ್ಣೂರು ಕೆರೆ ಕಡೆಯದು ಇನ್ನೂ ಚಂದ: ಗುಡ್ಡಗಳ ನಡುವೆ ನೀರು ತುಂಬಿಕೊಂಡಿರುತ್ತದೆ, ಏರಿ ಮೇಲೆ ಗಾಳಿ. ಎಲ್ಲಕ್ಕಿಂತ ಗಟ್ಟಿಯಾದದ್ದು ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವ ರಸ್ತೆ, ಆರು ಕಿಲೋಮೀಟರ್ ಆಸುಪಾಸು.

ಏರಿನಲ್ಲಿ ವೇಗ ನೋಡುವುದನ್ನು ಬಿಟ್ಟಿದ್ದೇನೆ. ಕಿಲೋಮೀಟರಿಗೆ ಆರೂವರೆ ನಿಮಿಷದವನು ಅಲ್ಲಿ ಒಂಬತ್ತಕ್ಕೆ ಇಳಿಯುತ್ತೇನೆ, ಗಡಿಯಾರ ನೋಡಿದರೆ ಮರ್ಯಾದೆ ಹೋಗುತ್ತದೆ. ಅದರ ಬದಲು ಹದಿಮೂರರ ಮಗ್ಗಿ ಬಾಯಿಬಿಟ್ಟು ಹೇಳುತ್ತೇನೆ. ಒಂದು ಸಾಲು ಒಂದೇ ಉಸಿರಿನಲ್ಲಿ ಬಂದರೆ ಸರಿ. 'ಹದಿಮೂರ್ನಾಕ್ಲ' ಅಂದು ಐವತ್ತೆರಡಕ್ಕೆ ಮುಂಚೆ ಉಸಿರು ಎಳೆಯಬೇಕಾಯಿತೆಂದರೆ ನಡಿಗೆಗೆ ಇಳಿಯುತ್ತೇನೆ. ಏರಿನಲ್ಲಿ ನಡೆದರೆ ನಾಚಿಕೆಪಡಬೇಕಾದ್ದಿಲ್ಲ. ಕಡಿದಾದ ಕಡೆ ಬಿರುಸಿನ ನಡಿಗೆಗೂ ನನ್ನ ಓಟಕ್ಕೂ ಸಿಗುವ ಸಮಯ ಹೆಚ್ಚುಕಡಿಮೆ ಒಂದೇ.

ನಕ್ಷೆಯಲ್ಲಿ ಕಾಣದ ಸಂಗತಿ ಬೆಳೆ. ದ್ರಾಕ್ಷಿ ಮಾಗುವ ಕಾಲಕ್ಕೆ ಜರ್ಮನಿಯ ಕೆಲವು ಊರುಗಳಲ್ಲಿ ತೋಟದ ದಾರಿಗಳನ್ನು ಮುಚ್ಚುತ್ತಾರೆ ಅಂತ ಭಾವಮೈದ ಹೇಳುತ್ತಿದ್ದ. ಇಲ್ಲಿ ಬೋರ್ಡ್ ಯಾರೂ ಹಾಕುವುದಿಲ್ಲ, ನಾವೇ ತಿಳಿದುಕೊಳ್ಳಬೇಕು. ಕಬ್ಬು ಆಳುದ್ದ ಮೀರಿ ಬೆಳೆದಾಗ ಎರಡೂ ಕಡೆ ಗೋಡೆ ನಿಂತಂತೆ, ತಿರುವಿನಾಚೆ ಏನಿದೆ ಕಾಣದು. ಚಿರತೆಗೆ ಅದೇ ಮನೆ, ಕಾಡುಹಂದಿಗೂ. ಒಂದು ಸಲ ಮೇವು ಕೊಯ್ಯುತ್ತಿದ್ದ ಅಜ್ಜಿ ದೂರದಿಂದಲೇ ಕೂಗಿದರು: 'ಮಗಾ, ಆ ಕಡೀಕ್ ಓಗ್ಬ್ಯಾಡ, ನೆನ್ನೆ ಕರ ಇಡ್ಕಂಡೋಗದೆ.' ಅವತ್ತಿನಿಂದ ಕಬ್ಬು ಕಟಾವಾಗುವವರೆಗೆ ಆ ದಾರಿ ಬಂದ್. ಸೂರ್ಯ ಪೂರ್ತಿ ಮೇಲೆ ಬಂದ ಮೇಲೆಯೇ ಹೊರಡುತ್ತೇನೆ, ಬಿಸಿಲಾದರೂ ಪರವಾಗಿಲ್ಲ. ಕಟಾವಿನ ಕಾಲದಲ್ಲಿ ಇನ್ನೊಂದು ಅಪಾಯ: ಕಬ್ಬು ತುಂಬಿದ ಟ್ರ್ಯಾಕ್ಟರ್. ಜಲ್ಲೆಗಳು ಎರಡು ಕಡೆಯೂ ಚಾಚಿಕೊಂಡಿರುತ್ತವೆ, ಟ್ರೈಲರ್‌ಗೆ ಹಿಂದೆ ಲೈಟೂ ಇರುವುದಿಲ್ಲ. ರಸ್ತೆಯ ಬಲಬದಿಯಲ್ಲಿ ಓಡಿದರೆ ಎದುರಿಗೆ ಬರುವುದಾದರೂ ಕಾಣುತ್ತದೆ.

ನಾಲೆ ಏರಿ ಮೇಲೂ ಕತ್ತಲಲ್ಲಿ ಕಾಲಿಡುವುದಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು, ಅದೂ ಹಾಡಹಗಲಲ್ಲಿ. ಈಜು ಬರುವವರಿಗೂ ಆ ಸೆಳೆತದಲ್ಲಿ ದಡ ಹಿಡಿಯುವುದು ಕಷ್ಟ.

ನನಗೆ ನಿಜಕ್ಕೂ ಪೆಟ್ಟು ಕೊಟ್ಟದ್ದು ಮಾತ್ರ ಹುರುಳಿ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ, ಗಾಡಿ ಹರಿದು ಕಾಳು ಉದುರಲಿ ಅಂತ ಹರಡಿರುತ್ತಾರೆ. ಇಳಿಜಾರಿನಲ್ಲಿ ಜೋರಾಗಿ ಬರುತ್ತಿದ್ದವನು ಆ ಒಣ ಬಳ್ಳಿಯ ಮೇಲೆ ಕಾಲಿಟ್ಟೆ, ಮಂಜಿನ ಮೇಲೆ ಜಾರಿದಂತೆ ಹೋಗಿ ಬೇಲಿಗೆ ಬಿದ್ದೆ. ಹೊಲದವರು ಬಂದು ಎಬ್ಬಿಸಿದರು, ಅರಿಸಿನ ಹಚ್ಚಿದರು, ಆಮೇಲೆ ಚೆಲ್ಲಿದ ಕಾಳನ್ನು ನನ್ನಿಂದಲೇ ಗುಡಿಸಿಸಿದರು. ನ್ಯಾಯವೇ.

ಕುಡಿಯೋದಕ್ಕೆ ಎಳನೀರು, ಜೊತೆಗೆ ಚಿಟಿಕೆ ಉಪ್ಪು. ಓಟದ ನಡುವೆ ಕಬ್ಬಿನ ಹಾಲು ಕುಡಿದು ನೋಡಿದ್ದೇನೆ, ಹೊಟ್ಟೆಯಲ್ಲಿ ಕೊಡ ಕುಲುಕಿದ ಹಾಗಾಯಿತು. ಓಟ ಮುಗಿದ ಮೇಲಾದರೆ ಅಮೃತ.

ಹೋದ ಡಿಸೆಂಬರಿನಲ್ಲಿ ಭಾವಮೈದ ಊರಿಗೆ ಬಂದಿದ್ದ. ಜಕ್ಕನಹಳ್ಳಿಯಿಂದ ಇಬ್ಬರೂ ಹೊರಟೆವು. ಮಗ್ಗಿ ಹೇಳಬೇಕು ಅಂದೆ. 'ಏನ್ ಭಾವ, ಸ್ಕೂಲ್ ಹುಡುಗರ ಥರ' ಅಂತ ನಗುತ್ತಲೇ ಶುರು ಮಾಡಿದ. ಮೊದಲ ಕಡಿದಾದ ತಿರುವಿನಲ್ಲಿ 'ಹದಿಮೂರಾರ್ಲ' ಅಂದವನು ಎಪ್ಪತ್ತೆಂಟು ಹೇಳದೆ ನಿಂತುಬಿಟ್ಟ. ಉಸಿರು ಕಟ್ಟಿತೇನೋ ಅಂತ ನಾನೂ ನಿಂತೆ. ಅವನು ಹಿಂದಕ್ಕೆ ತಿರುಗಿ ಕೆಳಗಿನ ಬಯಲು ನೋಡುತ್ತಿದ್ದ. ಫೋಟೊ ತೆಗೆಯಲೇ ಅಂದೆ. ಬೇಡ ಭಾವ, ಮೊದಲು ಪುಳಿಯೋಗರೆ ಮುಗಿಯುವ ಮುಂಚೆ ಮೇಲೆ ಸೇರೋಣ ಅಂದು ನಡೆಯತೊಡಗಿದ.