ಆಸ್ಟ್ರೇಲಿಯಾದಾಗ ಮನಿ ಮ್ಯಾಲೆ ಸೋಲಾರ್: ರೊಕ್ಕ ಎಲ್ಲಿಂದ ಬರ್ತೈತಿ, ಎಲ್ಲಿ ಹೋಗ್ತೈತಿ

ಹೋದ ಸಲ ಬಾಗಲಕೋಟಿಗೆ ಹೋದಾಗ ನವನಗರದಾಗ ನಮ್ಮ ಕಾಕಾ ಮಾಳಿಗಿ ಮ್ಯಾಲೆ ಕರ್ಕೊಂಡ ಹೋಗಿ 3 ಕಿಲೋವ್ಯಾಟ್ ಪ್ಯಾನೆಲ್ ತೋರಿಸಿದ್ರು, ಸೂರ್ಯಘರ್ ಸ್ಕೀಮ್‌ನಾಗ 78,000 ರೂಪಾಯಿ ಸೀದಾ ಬ್ಯಾಂಕಿಗೆ ಬಂತು ನೋಡು, ನಿಮ್ಮ ಸಿಡ್ನಿಯಾಗ ಎಷ್ಟ ಕೊಡ್ತಾರ ಅಂದ್ರು. ಹೇಳಾಕ ಹೋಗಿ ನಾನs ಸಿಕ್ಕೊಂಡೆ, ಯಾಕಂದ್ರ ಇಲ್ಲಿ ಕೇಂದ್ರ ಸರ್ಕಾರ ನಿಮ್ಮ ಅಕೌಂಟಿಗೆ ಒಂದ ಡಾಲರೂ ಹಾಕೂದಿಲ್ಲ. ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ಮನಿ ತಗೊಂಡೋರೂ ಇದನ್ನs ಕೇಳ್ತಿರ್ತಾರ, ಅದಕ್ಕ ಬರದೇನಿ.

ಇಲ್ಲಿ ನಡಿಯೂದು ಸರ್ಟಿಫಿಕೇಟ್ ಲೆಕ್ಕ, ಎಸ್‌ಟಿಸಿ (ಸ್ಮಾಲ್-ಸ್ಕೇಲ್ ಟೆಕ್ನಾಲಜಿ ಸರ್ಟಿಫಿಕೇಟ್) ಅಂತಾರ. ನಿಮ್ಮ ಪ್ಯಾನೆಲ್ 2030ರ ತನಕ ಎಷ್ಟ ಕರೆಂಟ್ ಮಾಡಬಹುದು ಅಂತ ಮೊದಲs ಅಂದಾಜ ಹಾಕ್ತಾರ, 1000 ಯೂನಿಟ್‌ಗೆ ಒಂದು ಸರ್ಟಿಫಿಕೇಟ್. ಕರೆಂಟ್ ಮಾರೋ ಕಂಪನಿಗಳು ಇವನ್ನ ಕೊಳ್ಳಲೇಬೇಕು ಅಂತ ಕಾಯ್ದೆ ಐತಿ, 2011ರಿಂದ ನಡದೈತಿ. ಸಿಡ್ನಿಯಾಗ 6.6 ಕಿಲೋವ್ಯಾಟ್ ಹಾಕಿಸಿದ್ರ 6.6 ಗುಣಿಲೆ 1.382 (ಆ ಊರಿನ ಬಿಸಲ ನೋಡಿ ಇಟ್ಟ ಅಂಕಿ) ಗುಣಿಲೆ 2030ರ ತನಕ ಉಳಿದ ವರ್ಷ. 2026ರಾಗ 5 ವರ್ಷ ಹಿಡದು 45 ಸರ್ಟಿಫಿಕೇಟ್, 2027ಕ್ಕ 36. ಮೆಲ್ಬರ್ನ್‌ದಾಗ ಬಿಸಲ ಕಮ್ಮಿ, ಅಲ್ಲಿ 1.382ರ ಬದ್ಲಿ 1.185. ಒಂದರ ರೇಟ್ 40 ಡಾಲರ್ ಒಳಗs ಇರ್ತೈತಿ. ಒಂದ ಮಾತು ನೆನಪಿಡ್ರಿ, ಅಡ್ವಾನ್ಸ್ ಕೊಟ್ಟ ದಿನ ಅಲ್ಲ, ಪ್ಯಾನೆಲ್ ಕೂಡಿಸಿದ ದಿನ ಲೆಕ್ಕಕ್ಕ ಬರೂದು. ಡಿಸೆಂಬರ್‌ದಾಗ ಬುಕ್ ಮಾಡಿ ಜನವರಿಗೆ ಕೂಡಿಸಿದ್ರ ಒಂದ ವರ್ಷದ್ದು ಹೋತು.

ಈ ಸರ್ಟಿಫಿಕೇಟ್ ಕಾಯ್ದೆ ಪ್ರಕಾರ ಮನಿ ಮಾಲೀಕಂದು, ಆದ್ರ ಎಲ್ಲಾರೂ ಇನ್‌ಸ್ಟಾಲರ್‌ಗೆ ಸೈನ್ ಮಾಡಿ ಕೊಟ್ಟಬಿಡ್ತಾರ, ಅಂವ ಅಷ್ಟ ರೊಕ್ಕ ಬಿಲ್‌ನಾಗ ಕಳದ ರೇಟ್ ಹೇಳ್ತಾನ. ಅದಕ್ಕ ಕೊಟೇಶನ್‌ದಾಗ ಪೂರ್ತಿ ರೇಟ್ ಎಷ್ಟು, ಎಸ್‌ಟಿಸಿ ಎಷ್ಟು, ಎರಡೂ ಬ್ಯಾರೆ ಬ್ಯಾರೆ ಬರಸ್ಕೊಳ್ರಿ. ನಮ್ಮ ಬಾಗಲಾ ಬಡದಾಂವ ಒಬ್ಬ ಎಲ್ಲಾ ಕಳದ ರೇಟ್ ಮೊದಲ ಹೇಳಿ, ಆಮ್ಯಾಲೆ ಇದರ ಮ್ಯಾಲೆ ಸರ್ಕಾರದ್ದು ಬ್ಯಾರೆ ಬರ್ತೈತಿ ಅಂತ ಅಂದಿದ್ದ, ನಾ ನಂಬಿ ಸೈನ್ ಮಾಡಿದ್ದೆ! ಪುಣ್ಯಾಕ್ಕ ಹಂಗ ಮನಿಗೆ ಬಂದು ಮಾರೋರ ಅಗ್ರಿಮೆಂಟ್‌ಗೆ 10 ಬಿಸಿನೆಸ್ ದಿನದ ಒಳಗ ಬ್ಯಾಡ ಅನ್ನೋ ಹಕ್ಕ ಐತಿ. ಇನ್‌ಸ್ಟಾಲರ್‌ಗೆ ‘ಸೋಲಾರ್ ಅಕ್ರೆಡಿಟೇಶನ್ ಆಸ್ಟ್ರೇಲಿಯಾ’ ಅನ್ನೋ ಸಂಸ್ಥೆದ್ದು ಮಾನ್ಯತಾ ಇರಬೇಕು, ಇಲ್ಲಂದ್ರ ಸರ್ಟಿಫಿಕೇಟೂ ಇಲ್ಲ.

ಇನ್ನ ದಿಕ್ಕು. ಊರಾಗ ಪ್ಯಾನೆಲ್ ದಕ್ಷಿಣಕ್ಕ ಮುಖ ಮಾಡಿರ್ತಾವು, ಇಲ್ಲಿ ಉತ್ತರಕ್ಕ. ಕಾಕಾಗ ಫೋಟೋ ಕಳಿಸಿದ್ರ ಉಲ್ಟಾ ಹಾಕ್ಯಾರಲ್ಲೋ ಅಂದ್ರು.

ಹೆಚ್ಚಾದ ಕರೆಂಟ್ ಮಾರಿ ಶ್ರೀಮಂತ ಆಗೂ ಕಾಲ ಹೋತು. 2010ರಾಗ ನ್ಯೂ ಸೌತ್ ವೇಲ್ಸ್‌ನಾಗ ಯೂನಿಟ್‌ಗೆ 60 ಸೆಂಟ್ ಕೊಡ್ತಿದ್ರು, ಈಗ ಕೆಲವೇ ಸೆಂಟ್, ಕೊಳ್ಳೂದು ಮಾತ್ರ 30ರ ಆಸುಪಾಸು. ಹಂಗಾಗಿ ಲಾಭ ಇರೂದು ಹಗಲೊತ್ತು ಉಪಯೋಗ್ಸೂದ್ರಾಗ. ಊರಾಗ ತ್ರೀ ಫೇಸ್ ಬಂತಂದ್ರ ಪಂಪ್‌ಸೆಟ್ ಚಾಲೂ ಮಾಡಾಕ ಹೊಲಕ್ಕ ಓಡ್ತಿದ್ವಿ, ಇಲ್ಲಿ ಬಿಸಲ ಬಂತಂದ್ರ ವಾಷಿಂಗ್ ಮಷೀನ್, ಗೀಜರ್ ಚಾಲೂ.

ಇಬ್ಬರೂ ಕೆಲಸಕ್ಕ ಹೋಗೋರಾದ್ರ ಬ್ಯಾಟರಿ ವಿಚಾರ ಮಾಡ್ರಿ, 2025ರ ಜುಲೈ 1ರಿಂದ ಅದಕ್ಕೂ ಇದs ಸರ್ಟಿಫಿಕೇಟ್ ಹಾದಿಯಿಂದ ರಿಯಾಯ್ತಿ ಐತಿ, ಶುರುವಿಗೆ ಸುಮಾರ 30 ಪರ್ಸೆಂಟ್, ಅದೂ ಬರಬರ್ತ ಇಳೀತೈತಿ. ಬ್ಯಾಟರಿ ಕಮ್ಮಿ ಅಂದ್ರೂ 5 ಕಿಲೋವ್ಯಾಟ್ ಅವರ್ ಇರಬೇಕು. ಬಾಡಿಗಿ ಮನ್ಯಾಗ ಇರೋರು ಪ್ಯಾನೆಲ್, ಬ್ಯಾಟರಿ ಹಾಕಿಸಾಕ ಮಾಲೀಕನ್ನ ಒಪ್ಪಿಸಬೇಕ್ರೀ.