ಮದ್ದಿನ ಮೆಸೇಜ್, ಅಡ್ವಾನ್ಸ್ ಕೇಳುವ ಫೋನ್: ನಂಬುವ ಮೊದಲು ನೋಡಬೇಕಾದ್ದು

ದಾವಣಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. 2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿನಲ್ಲಿ, ಡಾಕ್ಟರ ಚೀಟಿಯ ಜೊತೆಗೆ ವಾಟ್ಸಾಪ್ ಮೆಸೇಜನ್ನೂ ತೋರಿಸಿ "ಅಕ್ಕಾ, ಇದು ನಿಜಾನಾ?" ಅಂತ ಕೇಳುವವರು ಬಹಳ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ; ಮುಂದೆ ಇಂಥ ಕಾಯಿಲೆ ಬಂದರೂ ಬೇಕಾದೀತು.

ಆ ಮೆಸೇಜುಗಳು ಹೇಳುವ ಹಾಗೆ ಕರ್ಪೂರ, ಓಮ, ಲವಂಗ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಮೂಗು ಬಿಟ್ಟಂತೆ ಅನಿಸೀತು, ರಕ್ತದ ಆಕ್ಸಿಜನ್ ಏರುವುದಿಲ್ಲ. ಮೂಗಿಗೆ ನಿಂಬೆರಸ ಬಿಡುವುದಂತೂ ಬೇಡವೇ ಬೇಡ. ಕಷಾಯ ಕುಡಿಯಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಆದರೆ ಅದನ್ನೇ ನಂಬಿ, ಏದುಸಿರು ಬರುವವರನ್ನು ಮನೆಯಲ್ಲೇ ಮಲಗಿಸಿಕೊಂಡು ಕೂತರೆ ಕೈಯಲ್ಲಿದ್ದ ಸಮಯ ಹೋಗುತ್ತದೆ. ಜೀವ ಹೋಗುವುದು ಅಲ್ಲಿ. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಡಾಕ್ಟರ ಹತ್ತಿರ ಹೊರಡಿ. ಉಗುರುಬಣ್ಣ ಇದ್ದರೆ ಅಳೆಯುವ ಮೊದಲು ಅಳಿಸಿ. ಕ್ಯಾಮೆರಾ ಮೇಲೆ ಬೆರಳಿಡಿ ಎನ್ನುವ ಮೊಬೈಲ್ ಆ್ಯಪ್ ನೆಚ್ಚಬೇಡಿ: ಆಕ್ಸಿಮೀಟರ್ ಕೆಂಪು ಬೆಳಕಿನ ಜೊತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಹಾಯಿಸಿ ಅಳೆಯುತ್ತದೆ, ಫೋನಿನ ಫ್ಲ್ಯಾಶ್‌ನಲ್ಲಿ ಅದಿಲ್ಲ.

ಮೆಸೇಜಿನಲ್ಲಿ ಡಾಕ್ಟರ ಹೆಸರಿದ್ದರೆ ಸಾಲದು. ಅದರ ಒಂದು ಸಾಲನ್ನು ಗೂಗಲ್‌ಗೆ ಹಾಕಿ, ಮುಂದೆ 'ಫ್ಯಾಕ್ಟ್ ಚೆಕ್' ಅಂತ ಸೇರಿಸಿ ಹುಡುಕಿ.

ಇನ್ನು ದುಡ್ಡಿನ ವಿಷಯ. ರೆಮ್‌ಡೆಸಿವಿರ್ ಕೊರೊನಾ ರೋಗಿಗಳಿಗೆ ಆಸ್ಪತ್ರೆಯಲ್ಲಿ ನರಕ್ಕೆ ಕೊಡುವ ಇಂಜೆಕ್ಷನ್. "ಒಂದೇ ವಯಲ್ ಉಳಿದಿದೆ, ಈಗಲೇ ಅಡ್ವಾನ್ಸ್ ಹಾಕಿ" ಎಂದು ಫೋನಿನಲ್ಲಿ ಅವಸರ ಮಾಡಿದರೆ ಅಂಗಡಿಯ ವಿಳಾಸ, ಡ್ರಗ್ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಕೇಳಿ. ಮೋಸಗಾರ ಅಲ್ಲೇ ರೇಗುತ್ತಾನೆ, ಇಲ್ಲವೇ ಫೋನ್ ಇಡುತ್ತಾನೆ. ಆಕ್ಸಿಜನ್ ಸಿಲಿಂಡರ್ ಆದರೂ ಅಷ್ಟೇ, ವಸ್ತು ಕಣ್ಣಿಗೆ ಕಾಣುವವರೆಗೆ ದುಡ್ಡು ಹಾಕಬೇಡಿ. ಮನೆಯವರು ಐಸಿಯುನಲ್ಲಿದ್ದಾಗ ಇಷ್ಟೆಲ್ಲ ಯೋಚಿಸುವುದು ಕಷ್ಟ, ನನಗೆ ಗೊತ್ತು. ಅದಕ್ಕೇ ಫೋನ್ ಮಾತುಕತೆಯನ್ನು ಆಸ್ಪತ್ರೆಯ ಹೊರಗಿರುವ ನೆಂಟರೊಬ್ಬರಿಗೆ ವಹಿಸಿ.

ದುಡ್ಡು ನಿಮ್ಮ ಖಾತೆಗೆ ಬರಲು ಯುಪಿಐ ಪಿನ್ ಬೇಕಿಲ್ಲ. ಲಸಿಕೆ ಬುಕ್ ಮಾಡಿಕೊಡುತ್ತೇವೆ ಅಂತ ಫೋನ್ ಮಾಡಿದವರಿಗೆ ಒಟಿಪಿ ಹೇಳಬೇಡಿ. ದೇಣಿಗೆ ಕೊಡುವಾಗ ಯುಪಿಐ ಐಡಿಯನ್ನು ಅಕ್ಷರ ಅಕ್ಷರ ಓದಿ: 2020ರಲ್ಲಿ ಪ್ರಧಾನಿಯ ಪರಿಹಾರ ನಿಧಿ ಪಿಎಂ ಕೇರ್ಸ್ ಹೆಸರಿನ ನಕಲಿ ಐಡಿಯೊಂದರಲ್ಲಿ ಕಡಿಮೆ ಇದ್ದದ್ದು ಒಂದು 'ಎಸ್' ಮಾತ್ರ.

ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಮೋಸಗಾರನ ಫೋನ್ ನಂಬರ್, ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ವ್ಯವಹಾರವನ್ನು ಗುರುತಿಸುವ ಯುಟಿಆರ್ ಸಂಖ್ಯೆ ಮೂರೂ ದೂರಿಗೆ ಬೇಕು.